ಹೆಸರು ಹೇಳಿ ಕೊಡುತ್ತಿದ್ದ ಮಾತ್ರೆ

ಕಾಂಪೌಂಡರ್ ಪಾಪಣ್ಣನವರಿಗಿದ್ದ ಗಂಟಲು ಚಿಂತಾಮಣಿಯ ತರಕಾರಿ ಮಂಡಿಯಲ್ಲಿ ಹರಾಜು ಕೂಗುವವರಿಗೂ ಇರಲಿಲ್ಲ. ಡಾಕ್ಟರ ಷಾಪಿನ ಕಿಟಕಿಯಲ್ಲಿ ಕೂತು, ಪ್ರತಿ ಔಷಧಿಯ ಹೆಸರನ್ನೂ ಅದು ಯಾವ ಕಾಯಿಲೆಗೆ ಎಂಬುದನ್ನೂ ಸಾರಿ ಹೇಳಿ ಕೊಡುತ್ತಿದ್ದರು. ಕಜ್ಜಿಯಾಗಲಿ ಮೂಲವ್ಯಾಧಿಯಾಗಲಿ, ಸಾಲಿನಲ್ಲಿ ನಿಂತವರಿಗೆಲ್ಲ ಗೊತ್ತಾಗುತ್ತಿತ್ತು. ಯಾರಾದರೂ ನಾಚಿಕೊಂಡರೆ, "ಹೆಸರು ತಿಳೀದೆ ಏನೂ ನುಂಗಬಾರದಮ್ಮ. ದನದ ಬಾಯಿಗೆ ಬಿದಿರ ಗೊಟ್ಟದಲ್ಲಿ ಔಷಧಿ ಹೊಯ್ದಂಗಾಗ್ತದೆ" ಎನ್ನುತ್ತಿದ್ದರು. ಓದು ಬಾರದವರ ಪೊಟ್ಟಣದ ಮೇಲೆ ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ ಬರೆದುಕೊಡುವರು. ಚಂದ್ರ ಯಾವಾಗಲೂ ಬಾಳೆಹಣ್ಣಿನ ಹಾಗಿರುತ್ತಿತ್ತು.

ಅರವತ್ತರ ದಶಕದ ಮೊದಲಲ್ಲಿ ನನ್ನ ಅಮ್ಮನಿಗೆ ಗರ್ಭಕೋಶದ ಕ್ಯಾನ್ಸರ್ ಆಯಿತು. ಬೆಂಗಳೂರಿನಲ್ಲಿ ಕರೆಂಟು ಕೊಡಿಸಬೇಕೆಂದರು. ವಿಕಿರಣ ಚಿಕಿತ್ಸೆಗೆ ನಮ್ಮ ಕಡೆ ಎಲ್ಲರೂ ಹಾಗೇ ಅನ್ನುತ್ತಿದ್ದುದು. ಅಮ್ಮ ಸೋದರಮಾವನ ಮನೆಯಲ್ಲಿದ್ದು ಕರೆಂಟು ಕೊಡಿಸಿಕೊಂಡು ಶನಿವಾರ ಊರಿಗೆ ಬರುತ್ತಿದ್ದಳು. ಎರಡನೇ ವಾರಕ್ಕೆ ವಾಂತಿ ಹತ್ತಿತು. ಗಂಜಿಯೂ ನಿಲ್ಲಲಿಲ್ಲ. ನಡುವೆ ಬಿಟ್ಟರೆ ಕೊಟ್ಟದ್ದೆಲ್ಲ ವ್ಯರ್ಥ ಎಂದು ಅಲ್ಲಿನ ಡಾಕ್ಟರು ಎಚ್ಚರಿಸಿದ್ದರು. ಅಮ್ಮ, "ಸತ್ರೂ ಸರಿ, ಇನ್ನು ಹೋಗಲ್ಲ" ಎಂದು ಗೋಡೆಗೆ ಮುಖ ಮಾಡಿ ಮಲಗಿದಳು.

ಪಾಪಣ್ಣನವರು ಹಿಂದೆ ಹುಚ್ಚಾಸ್ಪತ್ರೆಯ ಔಷಧಿ ಕೋಣೆಯಲ್ಲಿ ಕೆಲಸ ಮಾಡಿದ್ದವರು. ಅಲ್ಲಿ ರೋಗಿಗಳನ್ನು ಶಾಂತಗೊಳಿಸಲು ಕೊಡುತ್ತಿದ್ದ ಹೊಸ ಮಾತ್ರೆ ವಾಂತಿಯನ್ನೂ ನಿಲ್ಲಿಸುವುದನ್ನು ಕಂಡಿದ್ದರು. ನಮ್ಮ ಡಾಕ್ಟರ ಬೆನ್ನು ಬಿದ್ದು ಬೆಂಗಳೂರಿಗೆ ಕಾಗದ ಬರೆಸಿ, ಒಪ್ಪಿಗೆ ತರಿಸಿ, ಮಾತ್ರೆಯನ್ನು ತಾವೇ ಮನೆಗೆ ತಂದರು. ಹೆಸರು ಹೇಳಿಯೇ ಕೊಟ್ಟರು. ನಮಗೆ ಆಗ ಹೆಸರು ಬೇಕಿರಲಿಲ್ಲ, ವಾಂತಿ ನಿಂತರೆ ಸಾಕಿತ್ತು. ಎರಡೇ ದಿನಕ್ಕೆ ಅಮ್ಮ ಎದ್ದು ಕೂತು ಮುದ್ದೆ, ಬಸ್ಸಾರು ಉಂಡಳು. ಮತ್ತೆ ಬೆಂಗಳೂರಿನ ಬಸ್ಸು ಹತ್ತಿದಳು.

ಮುಂದಿನ ಶನಿವಾರ ಮಾತ್ರೆ ತರಲು ಅಮ್ಮನ ಜೊತೆ ನಾನೂ ಹೋದೆ. "ಏನಮ್ಮಾ, ಊಟ ಸೇರ್ತಾ? ತಗೋ, ಕ್ಲೋರ್‌ಪ್ರೋಮಜಿನ್. ಹುಚ್ಚಾಸ್ಪತ್ರೇಲಿ ಕೊಡೋ ಮಾತ್ರೆ. ಭಯಪಡಬೇಡ, ಕರೆಂಟಿನ ವಾಂತಿಗೂ ಇದೇ" ಎಂದು ಪಾಪಣ್ಣನವರು ಕೂಗಿದರು. ಸಾಲಿನಲ್ಲಿ ಶಿಡ್ಲಘಟ್ಟದ ಹುಡುಗನ ಸೋದರತ್ತೆ ನಿಂತಿದ್ದರು. ಅವನಿಗೆ ನನ್ನನ್ನು ಕೊಡುವ ಮಾತು ನಡೆದಿತ್ತು. ಆಕೆಯ ಕಿವಿಗೆ ಬಿದ್ದದ್ದು ಮೊದಲರ್ಧ ಮಾತ್ರ. ಹುಡುಗಿಯ ತಾಯಿಗೆ ಹುಚ್ಚಂತೆ ಎಂಬ ಸುದ್ದಿ ಸೋಮವಾರದ ಹೊತ್ತಿಗೆ ಶಿಡ್ಲಘಟ್ಟ ಮುಟ್ಟಿತ್ತು.

ನಾನು ಷಾಪಿಗೆ ಹೋಗಿ ಜಗಳವಾಡಿದೆ. "ನಿಮ್ಮ ಬಾಯಿಗೆ ಬೀಗ ಇಲ್ವಾ? ನನ್ನ ಬಾಳು ಹಾಳು ಮಾಡಿದ್ರಲ್ಲ!" ಪಾಪಣ್ಣನವರು ಕಿಟಕಿ ಮುಚ್ಚಿ ಎದ್ದರು. ಅಂದೇ ಬಸ್ಸು ಹಿಡಿದು ಹುಡುಗನ ಮನೆಗೆ ಹೋಗಿ, ಕೈಮುಗಿದು ವಿವರಿಸಿದರಂತೆ. ಆ ಮನೆಯವರು ಕಾಫಿ ಕೊಟ್ಟು, "ಹುಚ್ಚಿಲ್ಲದಿದ್ರೆ ಆ ಮಾತ್ರೆ ಬಿಟ್ಟು ತೋರಿಸ್ಲಿ. ಆಮೇಲೆ ಬಂದು ನೋಡ್ತೀವಿ" ಎಂದು ಕಳಿಸಿದರು.

ಪಾಪಣ್ಣನವರು ಅದನ್ನು ನಮಗೆ ಮುಚ್ಚಿಡಲಿಲ್ಲ. "ಬಿಡಬೇಡ ಕಣಮ್ಮ. ಗಂಡು ಇನ್ನೊಬ್ಬ ಸಿಗ್ತಾನೆ" ಎಂದರು. ಅಮ್ಮ ನನ್ನ ಮುಖ ನೋಡಿದಳು. ಈ ಸಂಬಂಧ ಬೇಡ, ಮಾತ್ರೆ ನುಂಗು ಎಂದು ನಾನು ಹೇಳಬೇಕಿತ್ತು. ನೆಲ ನೋಡಿಕೊಂಡು ನಿಂತೆ.

ಅಮ್ಮ ಮಾತ್ರೆ ಬಿಟ್ಟಳು. ವಾಂತಿ ಮರಳಿತು, ಕರೆಂಟು ಅರ್ಧಕ್ಕೆ ನಿಂತಿತು. ಗಂಡಿನ ಕಡೆಯವರು ಬಂದು, ಅರ್ಧ ಗಂಟೆ ಮಾತಾಡಿಸಿ, ಬುದ್ಧಿ ನೆಟ್ಟಗಿದೆ ಎಂದು ಒಪ್ಪಿ ಎಲೆ ಅಡಿಕೆ ಬದಲಾಯಿಸಿಕೊಂಡರು. ಧಾರೆಯ ದಿನ ಅಮ್ಮನನ್ನು ಎತ್ತಿ ತಂದು ಕೂರಿಸಬೇಕಾಯಿತು. ಆಷಾಢಕ್ಕೆ ಹೋಗಿಬಿಟ್ಟಳು. ಶಿಡ್ಲಘಟ್ಟದ ಆ ಮನೆಯಲ್ಲೇ ನಾನು ಬಾಳುತ್ತಿದ್ದೇನೆ, ನನ್ನ ಮೇಲೆ ನನಗೇ ಅಸಹ್ಯ ಇಟ್ಟುಕೊಂಡು.

ಕೆಲವು ವರ್ಷಗಳ ನಂತರ ತವರಿಗೆ ಹೋದಾಗ ಮಗುವಿಗೆ ಜ್ವರ ಬಂತು. ಕಿಟಕಿಯಲ್ಲಿ ಪಾಪಣ್ಣನವರೇ ಇದ್ದರು. ಪೊಟ್ಟಣ ಕಟ್ಟಿ, ಮಾತಿಲ್ಲದೆ ನನ್ನ ಕಡೆ ಸರಿಸಿದರು.

"ಯಾವ ಮಾತ್ರೆ ಪಾಪಣ್ಣನೋರೇ?"

ಅವರು ನನ್ನ ಹಿಂದೆ ನಿಂತಿದ್ದವರನ್ನೊಮ್ಮೆ ನೋಡಿದರು.

"ಹೆಸರು ಯಾಕಮ್ಮ" ಎಂದರು, ನನಗೂ ಸರಿಯಾಗಿ ಕೇಳಿಸದಷ್ಟು ಮೆಲ್ಲಗೆ. "ನುಂಗಿಸು, ಹೋಗು."

ಅವರನ್ನು ನಾನು ಕಂಡದ್ದು ಅದೇ ಕೊನೆ. ಹೆಸರು ತಿಳಿಯದ ಆ ಮಾತ್ರೆಯನ್ನು ಅರೆದು, ಮಗುವಿನ ಬಾಯಿ ಹಿಡಿದು ನುಂಗಿಸಿದೆ.