ಉಸಿರು ಕೇಳುವ ಪಾರ್ಗೆಟರ್
ಇಂಗ್ಲೆಂಡಿನ ನಮ್ಮ ಕಾವೆಂಟ್ರಿಯಲ್ಲಿ ಹಳೆಯ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರೆಲ್ಲ ಒಂದಲ್ಲ ಒಂದು ದಿನ ಎಂಜಿನ್ನಿಗೆ ಗಾಳಿ, ಪೆಟ್ರೋಲು ಬೆರೆಸಿ ಕೊಡುವ ಕಾರ್ಬ್ಯುರೇಟರ್ ಕೆಟ್ಟಿತೆಂದು ಅದನ್ನು ಬಿಸ್ಕತ್ತಿನ ಡಬ್ಬದಲ್ಲಿಟ್ಟುಕೊಂಡು ಕ್ಲಿಫ್ ಪಾರ್ಗೆಟರ್ ಮುದುಕನ ಹಿತ್ತಿಲ ಶೆಡ್ಡಿಗೆ ಬರಲೇಬೇಕು. "ಯಾವ ಕಟುಕನ ಕೈಗೆ ಕೊಟ್ಟಿದ್ರಿ ಇದನ್ನ?" ಎಂದು ಮೊದಲು ಬೈಯುತ್ತಾನೆ. ಆಮೇಲೆ, "ಸತ್ತಿಲ್ಲ ಬಿಡಿ, ಉಸಿರು ಕಟ್ಟಿದೆ ಅಷ್ಟೆ" ಎನ್ನುತ್ತಾನೆ. ಒಳಗಿನ ಹಿತ್ತಾಳೆ ಸೂಜಿಯನ್ನು ಕೂಸಿನ ಕಿವಿ ಒರೆಸುವಷ್ಟು ಮೆತ್ತಗೆ ಒರೆಸುವ ಇವನು ತನ್ನ ಟೀ ಲೋಟ ತೊಳೆದದ್ದನ್ನು ಮಾತ್ರ ಯಾರೂ ಕಂಡಿಲ್ಲ. ಎಲ್ಲ ಜೋಡಿಸಿ, ಕಾರಿಗೆ ಕೂರಿಸಿ, ಎಂಜಿನ್ ಚಾಲೂ ಮಾಡಿಸಿ, ರಬ್ಬರ್ ನಳಿಕೆಯ ಒಂದು ತುದಿಯನ್ನು ಕಾರ್ಬ್ಯುರೇಟರಿನ ಬಾಯಿಗೂ ಇನ್ನೊಂದನ್ನು ತನ್ನ ಕಿವಿಗೂ ಹಿಡಿದು ಅದು ಗಾಳಿ ಎಳೆಯುವ ಸದ್ದು ಕೇಳುತ್ತಾನೆ. ಆಗ ಯಾರಾದರೂ ಕೆಮ್ಮಿದರೆ ಮುಗಿಯಿತು, ಆಚೆಗೆ ಅಟ್ಟುತ್ತಾನೆ. ಮಹಡಿಯಲ್ಲಿ ಹೆಂಡತಿ ಈನಿಡ್ ಕೆಮ್ಮಿದರೆ ಮಾತ್ರ ಎಂಜಿನ್ ಆರಿಸಿ ಅವಳ ಕಿಟಕಿಯತ್ತ ಕಿವಿಗೊಡುತ್ತಾನೆ. ಗ್ಯಾರೇಜಿನ ಕೆಲಸದಲ್ಲಿದ್ದಾಗ ಇವನು ಬ್ರೇಕುಗಳಿಂದ ಊದಿ ತೆಗೆದ ಆಸ್ಬೆಸ್ಟಾಸ್ ದೂಳು ಬಟ್ಟೆಗೆ ಅಂಟಿ ಮನೆಗೆ ಬರುತ್ತಿತ್ತು. ಆ ಬಟ್ಟೆ ಕೊಡವಿ ಒಗೆಯುತ್ತಿದ್ದವಳು ಈನಿಡ್. ಆ ದೂಳು ಹೊಕ್ಕ ಅವಳ ಶ್ವಾಸಕೋಶಕ್ಕೆ ಇನ್ನು ಮದ್ದಿಲ್ಲವೆಂದು ಡಾಕ್ಟರು ಹೇಳಿಯಾಗಿದೆ. ಈಗ ಪಾರ್ಗೆಟರ್ ಶೆಡ್ಡಿನಲ್ಲೇ ಬಟ್ಟೆ ಬಿಚ್ಚಿ, ತಾನೇ ಒಗೆಯುತ್ತಾನೆ. "ಈಗ ಅದ್ರಲ್ಲಿ ಬರೀ ಪೆಟ್ರೋಲ್ ವಾಸ್ನೆ ಕಣೋ ಕ್ಲಿಫ್, ತಾ ಇಲ್ಲಿ" ಎನ್ನುತ್ತಾಳೆ ಅವಳು ಕೆಮ್ಮು ನಿಂತ ಮೇಲೆ ಕಿಟಕಿಯಿಂದ, ಏದುಸಿರು ಬಿಡುತ್ತ. ಅವನು ತಲೆಯೆತ್ತದೆ ನಳಿಕೆಯನ್ನು ಮತ್ತೆ ಕಿವಿಗೆ ಹಿಡಿಯುತ್ತಾನೆ, ಎಂಜಿನ್ ಆರಿಸಿದ್ದು ತನಗೆ ಗೊತ್ತೇ ಇಲ್ಲವೆಂಬಂತೆ.