ಸಾಕವ್ವ ಎಂಬ ಹೆಸರಿನ ಅರ್ಥ

ನಮ್ಮ ಮಾಸ್ತರರ ಬಲಗೈಯ ಕಿರುಬೆರಳು ಅರ್ಧಕ್ಕೇ ತುಂಡಾಗಿತ್ತು. ಚಿಕ್ಕಂದಿನಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿತ್ತಂತೆ. ಕರಿಹಲಗೆಯ ಮೇಲೆ ಬರೆಯುವಾಗ ಆ ಮೋಟು ಬೆರಳಿಗೂ ಸೀಮೆಸುಣ್ಣದ ಪುಡಿ ಮೆತ್ತಿಕೊಳ್ಳುತ್ತಿತ್ತು.

ಚಿಕ್ಕೇರೂರಿನ ನಮ್ಮ ಶಾಲೆಗೆ ಹೊಸ ಮಗು ಸೇರಿದರೆ ಅವರು ಮೊದಲು ಹೆಸರಿನ ಅರ್ಥ ಹೇಳುತ್ತಿದ್ದರು. ತಿಪ್ಪಣ್ಣನ ಹೆಸರು ಕೇಳಿ ಹುಡುಗರು ನಕ್ಕಾಗ, “ಮೊದಲಿನ ಕೂಸು ಉಳೀಲಿಲ್ಲ, ಇದಾದ್ರೂ ಉಳೀಲಿ ಅಂತ ತಿಪ್ಪಿ ಮ್ಯಾಲ ಉಳ್ಳಾಡಿಸಿ ಇಟ್ಟ ಹೆಸರದು. ಅವ್ವಗ ಇಂವ ಎಷ್ಟು ಬೇಕಾಗಿದ್ದ ನೋಡ್ರಿ” ಎಂದಿದ್ದರು. ಆಮೇಲೆ ಯಾರೂ ನಗಲಿಲ್ಲ.

ನನ್ನ ಹೆಸರು ಸಾಕವ್ವ. ಊಟಕ್ಕೆ ಕುಳಿತಾಗ ಹುಡುಗರು ತಟ್ಟೆಗೆ ಕೈ ಅಡ್ಡ ಹಿಡಿದು “ಸಾಕವ್ವಾ, ಸಾಕು” ಎಂದು ಅಣಕಿಸುತ್ತಿದ್ದರು. ಮೂರನೆಯ ಇಯತ್ತೆಯಲ್ಲಿ ನಾನು ಶಾಲೆಯನ್ನೇ ಬಿಟ್ಟೆ. ಮಾಸ್ತರರು ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತು, “ಆಕಳ ಸಾಕ್ತಾರ, ಕೂಸು ಸಾಕ್ತಾರ. ನೀ ಮಂದೀನ್ನ ಸಾಕಾಕಿ. ಇದಕ್ಕಿಂತ ದೊಡ್ಡ ಹೆಸರು ಯಾರಿಗೈತಿ?” ಎಂದರು. ಒಳಗೆ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದಳು. ಅವರು ಎದ್ದ ಮೇಲೆ ಮತ್ತೆ ಬಡಿಯತೊಡಗಿದಳು. ಮರುದಿನ ನಾನು ಶಾಲೆಗೆ ಹೋದೆ.

ಆ ಮಾತು ನಂಬಿಯೇ ಓದಿದೆ, ಮಾಸೂರಿನಲ್ಲಿ ಶಿಕ್ಷಕಿಯಾದೆ. ಮದುವೆಯಲ್ಲಿ ಹೆಸರು ಬದಲಿಸಬೇಕೆಂದ ಅತ್ತೆಗೂ ಅದೇ ಅರ್ಥ ಹೇಳಿ ಹೆಸರು ಉಳಿಸಿಕೊಂಡೆ.

ಕೆಲವು ವರ್ಷಗಳ ಹಿಂದೆ ಮಾಸ್ತರರ ಮಗನಿಗೆ ಮೂರನೆಯ ಹೆಣ್ಣುಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಯಾವ ಹೆಸರು ಎಂಬ ಮಾತು ಬಂದಾಗ, “ನನ್ನ ಹೆಸರ ಇಡ್ರಿ ಮಾಸ್ತರ್ರ” ಎಂದೆ, ಹೆಮ್ಮೆಯಿಂದಲೇ.

ಮಾಸ್ತರರ ಮುಖ ಬಿಗಿಯಿತು. “ಹಂಗ್ಯಾಕ ಅಂತಿ? ನಮ್ಮ ಮನ್ಯಾಗ ಹೆಣ್ಣು ಸಾಕು ಅಂತ ಯಾರೂ ಅಂದಿಲ್ಲ.”

ಅಂದು ಸಂಜೆಯೇ ಅವ್ವನನ್ನು ಕೇಳಿದೆ. “ನೀ ಐದನೇದಾಕಿ. ಇನ್ನ ಸಾಕು ಅಂತ ನಿಮ್ಮಜ್ಜ ಇಟ್ಟ. ಊರಿಗೆಲ್ಲಾ ಗೊತ್ತೈತಿ” ಎಂದಳು.

ಮರುವಾರ ಮಾಸ್ತರರ ಮುಂದೆ ನಿಂತೆ. “ಸುಳ್ಳ ಯಾಕ ಹೇಳಿದ್ರಿ?”

“ನೀ ಸಾಲಿ ಬಿಟ್ಟಿದ್ದಿ. ಮತ್ತೇನ್ ಹೇಳಬೇಕಿತ್ತು?”

“ಅದಕ್ಕ ನನಗ ಸಿಟ್ಟಿಲ್ರಿ. ನನಗ ಸಾಕಾದ ಅರ್ಥ ನಿಮ್ಮ ಮೊಮ್ಮಗಳಿಗೆ ಯಾಕ ಸಾಲಲಿಲ್ಲ?”

ಅವರು ಕನ್ನಡಕ ತೆಗೆದು ಧೋತರದ ತುದಿಯಿಂದ ಬಹಳ ಹೊತ್ತು ಒರೆಸಿದರು. ಕೊನೆಗೆ, “ಚಾ ಕುಡದು ಹೋಗವಾ” ಎಂದರು. ನಾನು ಕುಡಿಯದೆ ಎದ್ದೆ.

ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಸುದ್ದಿ ಬಂದಾಗ ನಾನು ಹಿರೇಕೆರೂರಿನ ಬಸ್ ನಿಲ್ದಾಣದಲ್ಲಿದ್ದೆ. ಚಿಕ್ಕೇರೂರಿನ ಬಸ್ಸು ಎದುರಿಗೇ ನಿಂತಿತ್ತು. ನನ್ನ ಓದು, ನೌಕರಿ ಎಲ್ಲ ಅವರದೇ ಪುಣ್ಯ. ಅದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಕಂಡಕ್ಟರ್ “ಹತ್ರಿ ಅಕ್ಕಾರ, ಬಸ್ಸು ಬಿಡ್ತೈತಿ” ಎಂದು ಎರಡು ಸಲ ಕರೆದ.

ನಾನು ಹತ್ತಲಿಲ್ಲ.