ದೋಣಿಯ ವೈರು, ಸುಮಿತ್ರಕ್ಕನ ಕೈ

ದೋಣಿಗೆ ಜ್ವರ ಬಂದದ್ದನ್ನು ನೀವು ನೋಡಿದ್ದೀರಾ? ನಾನು ಹೋದ ವಾರ ನೋಡಿದೆ.

ಕಳಸದ ಹತ್ತಿರ ನಮ್ಮ ಭಾವನ ಎಸ್ಟೇಟ್. ನಟ್ಟನಡುವೆ ದೊಡ್ಡ ಕೆರೆ. ಆಚೆ ದಡದಲ್ಲಿ ಕುಯ್ದ ಕಾಫಿ ಹಣ್ಣು ಈಚೆ ದಡದಲ್ಲಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಗೆ ಬರಬೇಕು. ಹೆಂಗಸರು ಮೂಟೆ ಹೊತ್ತು, ಕೆರೆ ಸುತ್ತಿ, ಅರ್ಧ ಗಂಟೆ ನಡೆಯುತ್ತಿದ್ದರು. (ಆ ದಾರಿಯಲ್ಲಿ ನಾನು ಬರಿಗೈಯಲ್ಲಿ ನಡೆದೇ ಎರಡು ಸಲ ಕೂತಿದ್ದೇನೆ.) ನಾಲ್ಕು ವರ್ಷದ ಹಿಂದೆ ಭಾವ ಬ್ಯಾಟರಿ ಮೋಟಾರಿನ ದೋಣಿ ಬಿಟ್ಟರು. ಎಲ್ಲರಿಗೂ ನೆಮ್ಮದಿಯಾಯಿತು.

ಈಗ ಕುಯ್ಲಿನ ಮಧ್ಯದಲ್ಲಿ, ಚಾರ್ಜರ್‌ನಿಂದ ಬ್ಯಾಟರಿಗೆ ಹೋಗುವ ವೈರ್ ಕಾಯತೊಡಗಿತು. ಸುಟ್ಟ ಪ್ಲಾಸ್ಟಿಕ್ ವಾಸನೆ. ಬೆಂಕಿ ಹತ್ತಿಕೊಂಡರೆ ಗತಿ ಏನು? ದೋಣಿ ನಿಂತಿತು. ಮೂಟೆ ಮತ್ತೆ ತಲೆಗೇರಿತು.

ಭಾವ ಸುಮ್ಮನೆ ಕೂರುವ ಪೈಕಿ ಅಲ್ಲ. ಹೊಸ ಚಾರ್ಜರ್ ತಂದರು. ಬಿಸಿ. ಹೊಸ ಬ್ಯಾಟರಿ ತಂದರು. ಬಿಸಿ. ಪೇಟೆಯ ಎಲೆಕ್ಟ್ರಿಷಿಯನ್ ಬಂದು, "ವೈರ್ ಸಣ್ಣ ಆಯ್ತು" ಎಂದು ದಪ್ಪ ವೈರ್ ಎಳೆದು ಹೋದ. ಮತ್ತೂ ಬಿಸಿ!

"ಈ ದೋಣಿಗೆ ಶನಿ ಹಿಡ್ದಿದೆ ಮಾರಾಯ" ಎಂದು ಭಾವ ತಲೆಯ ಮೇಲೆ ಕೈ ಹೊತ್ತು ಕೂತರು.

ಅಷ್ಟರಲ್ಲಿ ಸುಮಿತ್ರಕ್ಕ ಮೂಟೆ ಇಳಿಸಿ ಬಂದರು. ಹಗಲು ಹಣ್ಣು ಕುಯ್ಯುವವರು, ಸಂಜೆ ಕಣದಲ್ಲಿ ಹರಡಿದ ಕಾಫಿ ಒಣಗಿದೆಯೇ ಎಂದು ನೋಡುವವರು. "ಹತ್ತು ನಿಮಿಷ ಚಾರ್ಜಿಗೆ ಹಾಕಿ, ಆಮೇಲೆ ಆಫ್ ಮಾಡಿ ಗೌಡ್ರೇ" ಎಂದರು. ಆಫ್ ಆದಮೇಲೆ ಕೈಯ ಹಿಂಭಾಗವನ್ನು ವೈರಿನುದ್ದಕ್ಕೂ ಮೆಲ್ಲಗೆ ಆಡಿಸುತ್ತ ಹೋದರು. ಕಣದ ಕಾಫಿಯನ್ನೂ ಅವರು ಮುಟ್ಟಿ ನೋಡುವುದು ಹೀಗೆಯೇ.

"ಅಂಗೈಯಲ್ಲಿ ಯಾಕೆ ಮುಟ್ಟಲ್ಲ?" ಎಂದೆ.

"ಅಂಗೈ ದಡ್ಡುಗಟ್ಟಿದೆ. ಅದಕ್ಕೆಂಥ ಬಿಸಿ ಗೊತ್ತಾಗ್ತದೆ?"

ಇಲ್ಲಿ ಬೆಚ್ಚಗೆ. ಇಲ್ಲೂ ಬೆಚ್ಚಗೆ. ಬ್ಯಾಟರಿ ಹತ್ತಿರದ ಟೇಪಿನ ಗಂಟಿಗೆ ಬಂದದ್ದೇ ತಡ, ಫಕ್ಕನೆ ಕೈ ಎಳೆದುಕೊಂಡರು. "ಇದನ್ನ ಬಿಚ್ಚಿ."

ನಮ್ಮ ಕಡೆ ಒಂದು ಪದ್ಧತಿ. ಮಳೆಗಾಲಕ್ಕೆ ಮುಂಚೆ, ಜಾಯಿಂಟ್ ಕಂಡಲ್ಲೆಲ್ಲ ಟೇಪ್ ಸುತ್ತುತ್ತೇವೆ. ಹಳೆಯದನ್ನು ಬಿಚ್ಚುವ ಮಾತಿಲ್ಲ, ಅದರ ಮೇಲೇ ಇನ್ನೊಂದು ಸುತ್ತು. ಅಷ್ಟು ಭದ್ರವಾಗಿ ಕಾಣುವುದನ್ನು ಯಾರು ಬಿಚ್ಚುತ್ತಾರೆ? ಎಲೆಕ್ಟ್ರಿಷಿಯನ್ನೂ ಗಂಟಿನಿಂದ ಗೇಣು ದೂರದಲ್ಲೇ ಹೊಸ ವೈರ್ ಜೋಡಿಸಿ ಕೈತೊಳೆದುಕೊಂಡಿದ್ದ.

ಬಿಚ್ಚಿದರೆ ಏನಿದೆ? ಒಳಗೆ ನೀರು ಕೂತು ತಾಮ್ರ ಹಸಿರುಗಟ್ಟಿತ್ತು, ಬೋಲ್ಟ್ ಸಡಿಲ. ಹಿಡಿತವಿಲ್ಲದ ಆ ಒಂದು ಜಾಗದಲ್ಲೇ ಕರೆಂಟ್ ಹರಿಯುವಾಗ ವೈರ್ ಕಾಯುತ್ತಿದ್ದದ್ದು. ಕೆಟ್ಟ ತುಂಡು ಕತ್ತರಿಸಿ, ಹೊಸದಾಗಿ ಜೋಡಿಸಿ, ಬಿಗಿ ಮಾಡಿದೆವು. ಅರ್ಧ ಗಂಟೆ ಚಾರ್ಜಾದ ಮೇಲೆ ಸುಮಿತ್ರಕ್ಕ ಮತ್ತೆ ಕೈಯಾಡಿಸಿದರು. ತಣ್ಣಗಿತ್ತು! ನಾನಂತೂ ನಾಚಿಕೆ ಬಿಟ್ಟು ಚಪ್ಪಾಳೆ ತಟ್ಟಿದೆ. ಎಂಥಾ ಕೈ ಅದು!

ಭಾವನಿಗೂ ಖುಷಿ. "ಮೊದಲೇ ಹೇಳಬಾರದಿತ್ತಾ ಮಾರಾಯ್ತಿ? ಹತ್ತು ದಿನ ಸುಮ್ನೆ ಮೂಟೆ ಹೊತ್ರಲ್ಲ!"

ಸುಮಿತ್ರಕ್ಕ ದೋಣಿ ಹತ್ತಿ, ಸೆರಗು ಸಿಕ್ಕಿಸಿ, ನಿಧಾನಕ್ಕೆ ಹೇಳಿದರು:

"ಕೇಳಿದ್ರೆ ಹೇಳ್ತಿದ್ದೆ ಗೌಡ್ರೇ. ಮೂಟೆ ಹೊರೋರನ್ನ ಯಾರು ಕೇಳಿದ್ರಿ?"